ಡಾಬಿಯ ಮೇಲೆ ಏರಿದ ಡೊಳ್ಳು

ಹಳೆಯ ಸಾಮಾನು ಕೊಳ್ಳಲು ಹೋಗುವವರಿಗೆ ನಾನು ಮೊದಲು ಹೇಳುವ ಮಾತು ಇದು: ನಿಮಗೆ ಬೇಕಾದ ವಸ್ತುವಿನ ಕಡೆ ಕಣ್ಣು ಹಾಯಿಸಬೇಡಿ. ಅದರ ಪಕ್ಕದ್ದನ್ನು ಎತ್ತಿ ನೋಡಿ, ರೇಟು ಕೇಳಿ, ಮುಖ ಸಪ್ಪಗೆ ಮಾಡಿ. ಹೊರಡುವಾಗ ಬೇಕಾದದ್ದನ್ನು ಬೆರಳಿನಿಂದ ತೋರಿಸಿ, “ಇದನ್ನೂ ಮ್ಯಾಲ ಹಾಕ್ರಿ” ಎಂದುಬಿಡಿ. ಜಮಖಂಡಿಯ ಒಂದು ಹಳೆಯ ವಾಡೆಯಿಂದ ಆ ಪೆಟ್ಟಿಗೆಯನ್ನು ನಾನು ತಂದದ್ದು ಹೀಗೆಯೇ. ಒಂದು ಜೋಡಿ ಸಾಗವಾನಿ ಬಾಗಿಲಿಗೆ ಅರ್ಧ ದಿನ ಜಗ್ಗಾಡಿದೆ. ಪೆಟ್ಟಿಗೆ ಪುಕ್ಕಟೆ ಬಂತು.

ಅಂಗೈ ಮೇಲೆ ಕೂಡುವಷ್ಟು ಚಿಕ್ಕ ಕಟ್ಟಿಗೆಯ ಪೆಟ್ಟಿಗೆ ಅದು. ಮುಚ್ಚಳದ ಮೇಲೆ ಹಿಮದ ಗುಡ್ಡ ಮತ್ತು ಕೊರಳಿಗೆ ಗಂಟೆ ಕಟ್ಟಿದ ಒಂದು ಹಸುವಿನ ಚಿತ್ರ. ಅಡಿಯಲ್ಲಿ ಕೀಲಿ. ತಿರುಗಿಸಿದರೆ ನಾಲ್ಕು ಸ್ವರ ನುಡಿದು ಗಕ್ಕನೆ ನಿಲ್ಲುತ್ತಿತ್ತು. ರಿಪೇರಿ ಮಾಡಿಸಿದರೆ ಪುಣೆಯ ಕಡೆಯ ಗಿರಾಕಿಗಳಿಗೆ ಛಲೋ ದರಕ್ಕೆ ಕೊಡಬಹುದು ಎಂದು ಬನಹಟ್ಟಿಗೆ ಒಯ್ದೆ. ಅಲ್ಲಿ ನನ್ನ ಗೆಳೆಯನೊಬ್ಬ ಕರೆಂಟಿನ ಮಗ್ಗಗಳನ್ನು ದುರಸ್ತಿ ಮಾಡುವ ಮೇಸ್ತ್ರಿ. ಮುರಿದ ಮಗ್ಗ ನಾನು ಕೊಳ್ಳುತ್ತಿದ್ದೆ, ಅದರಲ್ಲಿ ಒಳ್ಳೆಯ ಭಾಗಗಳನ್ನು ಅವನು ನನ್ನಿಂದ ಕೊಳ್ಳುತ್ತಿದ್ದ. ಇಬ್ಬರೂ ಒಬ್ಬರನ್ನೊಬ್ಬರು ಕಳ್ಳ ಎಂದು ಕರೆದುಕೊಂಡು ಚಹಾ ಕುಡಿಯುತ್ತಿದ್ದೆವು.

ಮೇಸ್ತ್ರಿ ಮುಚ್ಚಳ ಬಿಚ್ಚಿದ. ಒಳಗೆ ಕಿರುಬೆರಳಿನಷ್ಟು ಹಿತ್ತಾಳೆಯ ಉರುಳೆ. ಅದರ ಮೈತುಂಬ ಸಣ್ಣ ಸಣ್ಣ ಮುಳ್ಳು. ಉರುಳೆ ತಿರುಗಿದಂತೆ ಮುಳ್ಳುಗಳು ಉಕ್ಕಿನ ಬಾಚಣಿಗೆಯ ಹಲ್ಲುಗಳನ್ನು ಮೀಟುತ್ತಿದ್ದವು. ಅವನು ಬಹಳ ಹೊತ್ತು ನೋಡಿದ.

“ಲೇ ಗುಜರಿ, ಇದ ನಮ್ಮ ಡಾಬಿ ಅಲ್ಲೇನಲೇ!”

ಮಗ್ಗದ ನೆತ್ತಿಯ ಮೇಲೆ ಕೂಡುವ ಯಂತ್ರಕ್ಕೆ ಡಾಬಿ ಎನ್ನುತ್ತಾರೆ. ಕಟ್ಟಿಗೆಯ ಪಟ್ಟಿಗಳನ್ನು ಸರಪಳಿಯಂತೆ ಜೋಡಿಸಿರುತ್ತಾರೆ, ಪಟ್ಟಿಗಳಲ್ಲಿ ರಂಧ್ರಗಳು. ಯಾವ ರಂಧ್ರದಲ್ಲಿ ಗೂಟ ಬಡಿದಿದೆಯೋ ಆ ಎಳೆಗಳು ಮೇಲೇಳುತ್ತವೆ. ಹಾಗೆ ಸೀರೆಯ ಅಂಚಿನಲ್ಲಿ ಹೂವು ಮೂಡುತ್ತದೆ. ಪರದೇಶದವನು ಮುಳ್ಳಿನಿಂದ ಹಾಡು ನೇಯ್ದಿದ್ದ, ನಮ್ಮವರು ಗೂಟದಿಂದ ಹೂವು ನೇಯುತ್ತಿದ್ದರು. ಲೆಕ್ಕ ಒಂದೇ. ಇಷ್ಟು ವರ್ಷ ಡಾಬಿಗಳನ್ನು ತೂಕಕ್ಕೆ ಹಾಕಿದ ನನಗೆ ಅದು ಹೊಳೆದಿರಲಿಲ್ಲ. ಪೆಟ್ಟಿಗೆ ಎರಡು ದಿನದಲ್ಲಿ ಹಾಡತೊಡಗಿತು, ಆದರೆ ಮೇಸ್ತ್ರಿಯ ತಲೆ ಅಲ್ಲೇ ಸಿಕ್ಕಿಕೊಂಡಿತು.

ಅವು ಆಣೆಕಟ್ಟಿನ ನೀರು ಬೀಳಗಿಯ ಕಡೆ ಏರುತ್ತಿದ್ದ ದಿನಗಳು. ಮುಳುಗಲಿದ್ದ ಹೊಳೆದಂಡೆಯ ಊರುಗಳವರು ತಮ್ಮ ಮನೆ ತಾವೇ ಬಿಚ್ಚಿ, ತೊಲೆ, ಕಂಬ, ಬಾಗಿಲು ಮಾರಿ ಮೇಲಿನ ಹೊಸ ಪ್ಲಾಟುಗಳಿಗೆ ಹೋಗುತ್ತಿದ್ದರು. ನಾನು ಟ್ರ್ಯಾಕ್ಟರ್ ತಗೊಂಡು ಊರೂರು ತಿರುಗುತ್ತಿದ್ದೆ. ಅಂಥ ಒಂದು ಊರಲ್ಲಿ ಬೀರೇಶ್ವರನ ಗುಡಿಯ ಡೊಳ್ಳಿನ ಅಜ್ಜ ಸಿಕ್ಕ. ಮನೆ ಬಿಚ್ಚಿಯಾಗಿತ್ತು. ಬೇವಿನ ಮರದಡಿ ಕಂಬಳಿಯ ಮೇಲೆ ಕೂತಿದ್ದ, ಪಕ್ಕದಲ್ಲಿ ದೊಡ್ಡ ಡೊಳ್ಳು.

ನಾನು ನನ್ನ ಪದ್ಧತಿಯಂತೆ ಡೊಳ್ಳಿನ ಕಡೆ ನೋಡದೆ ಪಕ್ಕದ ಒರಳಿನ ರೇಟು ಕೇಳಿದೆ.

“ಒರಳ ಒಯ್ಯರಿ ಸಾವ್ಕಾರ್ರ,” ಎಂದ ಅಜ್ಜ. “ಡೊಳ್ಳಿನ ಮ್ಯಾಲ ಕಣ್ಣ ಇಟ್ಟು ಒರಳಿನ ಮಾತ ಆಡಬ್ಯಾಡ್ರಿ.”

ಅವನ ಸೊಸೆ ನಕ್ಕಳು. ನನ್ನ ವಿದ್ಯೆ ನೋಡಿದ ಕೂಡಲೇ ಹಿಡಿದವರಲ್ಲಿ ಆ ಅಜ್ಜನೇ ಮೊದಲಿಗ. ಹಾಗಾಗಿ ಅಲ್ಲೇ ಕೂತೆ.

ಅವನ ಕಷ್ಟ ಇಷ್ಟು. ದೇವರ ಪಲ್ಲಕ್ಕಿ ಗುಡಿಯ ಹೊಸ್ತಿಲು ದಾಟುವಾಗ ಮಾತ್ರ ಬಾರಿಸುವ ಒಂದು ಬಡಿತವಿತ್ತು. ಅದು ಬಲ್ಲವರು ಮೂವರು. ಇಬ್ಬರು ತೀರಿಕೊಂಡಿದ್ದರು. ಮೂರನೆಯವನು ಈ ಅಜ್ಜ, ಅವನ ಎರಡೂ ಕೈ ನಡುಗುತ್ತಿದ್ದವು. ಊರ ಹುಡುಗರಿಗೆ ಕುಣಿತದ ಬಡಿತ ಬರುತ್ತಿತ್ತು, ಇದು ಬರುತ್ತಿರಲಿಲ್ಲ. ಬರುವ ಹುಣ್ಣಿಮೆಗೆ ಹೊಸ ಊರಿನ ಗುಡಿಗೆ ದೇವರು ಹೋಗುವವನಿದ್ದ.

“ಹುಡುಗರಿಗೆ ಕಲಿಸಬೇಕಿತ್ತಲ್ಲ ಅಜ್ಜಾರ?”

“ಬಾಯಿಲೆ ಹೇಳಾಕ ಬರೂದಿಲ್ಲರಿ. ಕೈಗೆ ಗೊತ್ತೈತಿ. ಕೈ ಈಗ ನನ್ನ ಮಾತ ಕೇಳವಲ್ದು. ದೇವರು ಹೊಸ ಮನಿಗಿ ಮೂಕಾಗಿ ಹೊಕ್ಕಾನಲ್ಲ ಅನ್ನೂದ ಒಂದ ಚಿಂತಿ.”

ಪೆಟ್ಟಿಗೆಯ ಹಾಡಿನಂತೆ ಈ ಬಡಿತವನ್ನೂ ಡಾಬಿಯ ಗೂಟಕ್ಕೆ ಇಳಿಸಬಹುದಲ್ಲ ಎನ್ನಿಸಿ, ಮರುದಿನವೇ ಮೇಸ್ತ್ರಿಯನ್ನು ಮೋಟರ್ ಸೈಕಲ್ ಮೇಲೆ ಕೂಡಿಸಿಕೊಂಡು ಬಂದೆ. ಅವನು ಸೀರೆಯ ಡಿಸೈನ್ ಬರೆಯುವ ಚೌಕುಳಿ ಕಾಗದ ತಂದಿದ್ದ. ಎಡಗೈಗೆ ಎಡಬದಿ, ಬಲಗೈಗೆ ಬಲಬದಿ. ಅಜ್ಜ ತೊಡೆಯ ಮೇಲೆ ಮೆಲ್ಲಗೆ ಬಡಿಯುವುದು, ಇವನು ಚೌಕದಲ್ಲಿ ಗುರುತು ಹಾಕುವುದು. ನಾಲ್ಕು ಸಾಲು ದಾಟುವುದರಲ್ಲಿ ಮೇಸ್ತ್ರಿ ಪೆನ್ಸಿಲು ಕೆಳಗಿಟ್ಟ.

“ಅಜ್ಜಾರ, ಸಿಟ್ಟಾಗಬ್ಯಾಡ್ರಿ. ಇದು ಬಡಿತೋ, ನಡುಕೋ?”

ಅಜ್ಜ ತನ್ನ ಕೈಯನ್ನೇ ನೋಡಿದ. ಅವನಿಗೂ ಗೊತ್ತಾಗಲಿಲ್ಲ. ರೊಟ್ಟಿ ಬಡಿಯುತ್ತಿದ್ದ ಸೊಸೆ ತಿರುಗದೆಯೇ ಹೇಳಿದಳು: “ಅದು ನಡುಕರಿ ಅಣ್ಣಾರ. ಅದನ್ನ ಅಳಿಸರಿ. ಅದರ ಮುಂದಿಂದು ಬಡಿತ.”

“ನಿಂಗ ಹ್ಯಾಂಗ ಗೊತ್ತಬೇ?” ಎಂದ ಅಜ್ಜ.

“ಇಪ್ಪತ್ತ ವರ್ಷ ಕೇಳೇನಿ ಮಾವಾರ. ನೀವು ಬಾರಿಸಿದ್ದು ಒಬ್ಬ ದೇವರಿಗೆ ಅಷ್ಟ ಕೇಳಿಸ್ತೈತೇನು?”

ಅವತ್ತು ಸಂಜೆಯವರೆಗೆ ಅವಳು ರೊಟ್ಟಿ ಬಡಿಯುತ್ತ ಹೌದು, ಅಲ್ಲ ಎನ್ನುತ್ತಿದ್ದಳು. ಮೇಸ್ತ್ರಿಯ ರಬ್ಬರು ಅಳಿಸಿ ಅಳಿಸಿ ಸವೆದುಹೋಯಿತು.

ಡಾಬಿ ನಾನು ಕೊಟ್ಟೆ, ಎಳೆಗಳ ಬದಲು ಅದು ಡೊಳ್ಳಿನ ಕೋಲು ಎತ್ತಬೇಕಿತ್ತು. ಮೋಟಾರು ಹಚ್ಚುತ್ತೇನೆ ಎಂದ ಮೇಸ್ತ್ರಿಗೆ ಬೇಡ ಎಂದೆ. ಹೊಸ ಊರಿನಲ್ಲಿ ಕಂಬ ಬಂದಿತ್ತು, ಕರೆಂಟು ಬಂದಿರಲಿಲ್ಲ. ದೇವರ ಕೆಲಸವಾಗಲಿ, ಮದುವೆಯ ಕೆಲಸವಾಗಲಿ, ಕರೆಂಟು ನಂಬಿ ಮುಹೂರ್ತ ಇಡಬೇಡಿ. ಮೇವು ಕತ್ತರಿಸುವ ಯಂತ್ರದ ಕಬ್ಬಿಣದ ದೊಡ್ಡ ಗಾಲಿ ಮತ್ತು ಹಿಡಿಕೆ ನನ್ನ ಅಂಗಡಿಯಲ್ಲಿ ಬಿದ್ದಿತ್ತು, ಅದನ್ನೇ ಕೂಡಿಸಿದ. ಒಂದು ಬದಿಗೆ ಕೋಲು, ಇನ್ನೊಂದು ಬದಿಗೆ ಅಂಗೈ ಹೊಡೆದಂತೆ ಕೇಳಲು ರಬ್ಬರು. ರಬ್ಬರಿಗೆಂದು ಹವಾಯಿ ಚಪ್ಪಲಿ ಕೊಯ್ಯಲು ಹೊರಟಿದ್ದ.

“ದೇವರ ಡೊಳ್ಳಿಗೆ ಚಪ್ಪಲಿಲೆ ಹೊಡೀತಿ? ಊರಾಗಿನ ಮಂದಿ ಅದ ಚಪ್ಪಲಿ ತಗೊಂಡು ನಿನಗ ಬಾರಸ್ತಾರ,” ಎಂದೆ. ಹೊಸ ಸೈಕಲ್ ಟ್ಯೂಬು ತಂದ.

ಹುಣ್ಣಿಮೆಗೆ ಮೂರು ದಿನ ಇರುವಾಗ ಯಂತ್ರವನ್ನು ಹೊಸ ಊರಿಗೆ ಇಳಿಸಿದೆವು. ಡೊಳ್ಳು ಕಟ್ಟಿ, ಮೇಸ್ತ್ರಿ ಹಿಡಿಕೆ ತಿರುಗಿಸಿದ. ಪಟ್ಟಿಗಳು ಒಂದೊಂದಾಗಿ ಏರಿ ಇಳಿದವು, ಕೋಲು ಎದ್ದಿತು, ಬಿತ್ತು. ನನ್ನ ಮೈ ಝುಮ್ಮೆಂದಿತು. ಆದರೆ ಅಜ್ಜನ ಮುಖ ಗಂಟಾಯಿತು. ಸೊಸೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

“ಕನ್ನಡ್ಯಾಗಿನ ಮನಷ್ಯಾ ಬಾರಿಸಿದಂಗ ಆತಲ್ಲೋ ತಮ್ಮಾ,” ಎಂದ ಅಜ್ಜ. “ಎಡಗೈಯಿಂದು ಬಲಗೈಗೆ ಬಂದೈತಿ.”

ಮೇಸ್ತ್ರಿ ಚೌಕುಳಿ ಕಾಗದ ತೆಗೆದ, ಪಟ್ಟಿ ನೋಡಿದ, ಹಣೆ ಬಡಿದುಕೊಂಡ. ಅವನ ಮಗ್ಗಗಳಲ್ಲಿ ಬಟ್ಟೆ ಬೋರಲಾಗಿ ಇಳಿಯುತ್ತದೆ, ಚಂದದ ಮುಖ ಕೆಳಗೆ. ಅದಕ್ಕೇ ಗೂಟಗಳನ್ನು ಅದಲುಬದಲು ಮಾಡಿ ಬಡಿಯುವುದು ರೂಢಿ. ಮೂವತ್ತು ವರ್ಷದ ಕೈ ಡೊಳ್ಳಿಗೂ ಹಾಗೇ ಬಡಿದುಬಿಟ್ಟಿತ್ತು. ಡೊಳ್ಳಿಗೆ ಒಳಮುಖ, ಹೊರಮುಖ ಎಲ್ಲಿಯದು?

“ಎಲ್ಲಾ ಕಿತ್ತು ಹೊಸದಾಗಿ ಬಡೀಬೇಕು. ಮೂರ ದಿನದಾಗ ಆಗೂದಿಲ್ಲ,” ಎಂದು ತಲೆ ಹಿಡಿದು ಕೂತ. ಅಜ್ಜ ನಡುಗುವ ಕೈಗಳನ್ನು ಕಂಬಳಿಯೊಳಗೆ ಸೇರಿಸಿಕೊಂಡ.

ವ್ಯಾಪಾರದಲ್ಲಿ ಒಂದು ಬಾಗಿಲು ಚೌಕಟ್ಟಿಗೆ ಕೂಡದಿದ್ದರೆ ನಾನು ಮೊದಲು ಬಾಗಿಲು ಕೊಯ್ಯುವುದಿಲ್ಲ, ತಿರುಗಿಸಿ ನೋಡುತ್ತೇನೆ.

“ಗೂಟ ಯಾಕ ಕೀಳ್ತಿಲೇ? ಕೋಲಿನ ಜಾಗಾಕ್ಕ ರಬ್ಬರ ಹಚ್ಚು, ರಬ್ಬರಿನ ಜಾಗಾಕ್ಕ ಕೋಲ. ಡೊಳ್ಳ ತಿರುವಿ ಕಟ್ಟು.”

ಮೇಸ್ತ್ರಿ ನನ್ನನ್ನು ನೋಡಿದ ನೋಟ ಇವತ್ತಿಗೂ ನೆನಪಿದೆ. ಚಹಾ ಬರುವಷ್ಟರಲ್ಲಿ ಕೆಲಸ ಆಯಿತು. ಈ ಸಲ ಬಡಿತ ಸರಿ ಬಿತ್ತು. ಆದರೂ ಅಜ್ಜ ತಲೆ ಅಲ್ಲಾಡಿಸಿದ.

“ಮಗ್ಗ ನಡದಂಗ ನಡ್ಯಾಕತ್ತೈತಿ. ದೇವರು ನಡದಂಗ ಇಲ್ಲ. ಸರಿ ಅತ್ತಾಗ.”

ಎದ್ದು ಬಂದು ಮೇಸ್ತ್ರಿಯನ್ನು ಪಕ್ಕಕ್ಕೆ ಸರಿಸಿ ಹಿಡಿಕೆ ಹಿಡಿದ. ನಡುಕ ಬಡಿತವನ್ನು ಕೆಡಿಸೀತು ಎಂದು ಮೇಸ್ತ್ರಿ ತಡೆಯಲು ಕೈ ಚಾಚಿದ. ಆದರೆ ಆ ಗಾಲಿಯ ಭಾರ ಅವನ ನಡುಕವನ್ನು ಪೂರ್ತಿ ನುಂಗಿಬಿಟ್ಟಿತು. ನಿಧಾನ ಬೇಕಾದಲ್ಲಿ ನಿಧಾನ, ಜೋರು ಬೇಕಾದಲ್ಲಿ ಜೋರು. ಗೂಟ ಬಡಿತವನ್ನು ಹಿಡಿದಿತ್ತು, ನಡಿಗೆ ಅಜ್ಜನ ಕೈಯಲ್ಲಿತ್ತು. ಮೋಟಾರು ಬೇಡವೆಂದಾಗ ಇದು ನನ್ನ ತಲೆಯಲ್ಲಿ ಇರಲಿಲ್ಲ ಎಂದು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಮೇಸ್ತ್ರಿಯ ಎದುರು ಒಪ್ಪಿಲ್ಲ.

ಹುಣ್ಣಿಮೆಯ ಮುಂಜಾನೆ ಪಲ್ಲಕ್ಕಿ ಹೊಸ ಹೊಸ್ತಿಲ ಮುಂದೆ ನಿಂತಿತು. ಅಜ್ಜ ಹಿಡಿಕೆ ತಿರುಗಿಸಿದ. ಮೊದಲು ಮಂದಿ ಯಂತ್ರ ನೋಡಿ ನಕ್ಕರು. ಬಡಿತದ ಎರಡನೆಯ ಸುತ್ತಿನಲ್ಲಿ ನಗು ನಿಂತಿತು. ಮೂರನೆಯ ಸುತ್ತಿನಲ್ಲಿ ಹಿರಿಯರೆಲ್ಲ ರುಮಾಲು ಸರಿಪಡಿಸಿಕೊಂಡು ನೆಟ್ಟಗಾದರು. ದೇವರು ಒಳಗೆ ಹೋದ. ಭಂಡಾರದ ಅರಿಶಿಣದಲ್ಲಿ ಮೇಸ್ತ್ರಿಯ ಗುರುತು ಸಿಗಲಿಲ್ಲ, ಅಷ್ಟು ಎರಚಿದ್ದರು.

ಬಹಳ ವರ್ಷಗಳ ಮೇಲೆ ಪುಣೆಯ ಗಿರಾಕಿಯೊಬ್ಬ ಮೊಬೈಲಿನಲ್ಲಿ ಯಾವುದೋ ದೇಶದ ಗೋಪುರ ತೋರಿಸಿದ. ಒಳಗೆ ಮನೆಯಷ್ಟು ದೊಡ್ಡ ಉರುಳೆ, ಅದರ ಮುಳ್ಳುಗಳು ಗಂಟೆಗಳನ್ನು ಬಾರಿಸುತ್ತವೆ. ಜಗತ್ತಿನ ಜನ ಟಿಕೆಟ್ ತೆಗೆದು ನೋಡುತ್ತಾರಂತೆ. ಅದನ್ನು ಮಾಡಿದವರಿಗೂ ಕೈ ಮುಗಿಯಬೇಕು. “ಇಂಥದ್ದು ನಮ್ಮಲ್ಲೂ ಒಂದ ಐತ್ರಿ,” ಎಂದೆ. ಹಾಗಾದರೆ ಎಷ್ಟಾದರೂ ಸರಿ, ಕೊಡಿಸಿ ಎಂದು ಅವನು ಗಂಟುಬಿದ್ದ.

ಆ ಊರಿಗೆ ಹೋದೆ. ಅಜ್ಜ ತೀರಿಕೊಂಡು ಬಹಳ ದಿನವಾಗಿತ್ತು. ಗುಡಿಯ ಪೌಳಿಯಲ್ಲಿ ಡೊಳ್ಳು ಕೇಳುತ್ತಿತ್ತು, ಅದೇ ಹೊಸ್ತಿಲ ಬಡಿತ. ಇಣುಕಿದರೆ ಯಂತ್ರ ಮೂಲೆಯಲ್ಲಿ ಸುಮ್ಮನಿತ್ತು. ಕೊರಳಿಗೆ ಡೊಳ್ಳು ಹಾಕಿಕೊಂಡು ಬಾರಿಸುತ್ತಿದ್ದವಳು ಸೊಸೆ. ತಲೆ ಅರ್ಧ ಬೆಳ್ಳಗಾಗಿತ್ತು.

ನಾನು ಅಭ್ಯಾಸಬಲದಿಂದ ಪಕ್ಕದ ಹಿತ್ತಾಳೆ ಗಂಟೆಯ ರೇಟು ಕೇಳಿದೆ.

“ಅಣ್ಣಾರ, ಮಷೀನ್ ಕೊಡೂದಿಲ್ಲ,” ಎಂದು ನಕ್ಕಳು ಅವಳು.

“ಈಗ ನಿನಗ ಬರ್ತೈತಲ್ಲಬೇ ತಂಗಿ. ಇನ್ನ ಅದ್ಯಾಕ?”

“ನಾ ತಪ್ಪಿದ್ರ ಹೇಳಾವರು ಯಾರದಾರ? ಮಾವಾರು ಇಲ್ಲ. ವಾರಕ್ಕೊಮ್ಮಿ ತಿರುವಿ ಕೇಳ್ತೇನಿ. ಹ್ವಾದ ವಾರ ಒಂದ ಕಡೆ ತಪ್ಪಿದ್ದೆ.”

ಅವಳು ಹಿಡಿಕೆ ತಿರುಗಿಸಿ ತೋರಿಸಿದಳು. ಗಾಲಿ ಕಿರುಗುಟ್ಟಿತು. ಗಿರಾಕಿಗೆ ಫೋನ್ ಮಾಡಿ ಆ ಸಾಮಾನು ಸಿಗುವುದಿಲ್ಲ ಎಂದೆ. ಆಮೇಲೆ ಬೀಳಗಿಯ ಪೇಟೆಗೆ ಹೋಗಿ ಎಣ್ಣೆಯ ಡಬ್ಬಿ ಒಂದು ತಂದು, ಎಲ್ಲೆಲ್ಲಿ ಎಷ್ಟು ಹನಿ ಬಿಡಬೇಕೆಂದು ಅವಳಿಗೆ ತೋರಿಸಿಕೊಟ್ಟು ಬಂದೆ.