ಅಳಿಸಿಹೋದ ಗೌರಿಯನ್ನು ಹುಡುಕಿಕೊಟ್ಟವರು

ಅವರ ಬಲಗೈ ತೋರುಬೆರಳ ತುದಿಯಲ್ಲಿ ಯಾವಾಗಲೂ ಸುಣ್ಣ ಇರುತ್ತಿತ್ತು. ಎಲೆಯಡಿಕೆ ಹಾಕುತ್ತಲೇ ಕಂಪ್ಯೂಟರಿನ ಸಾಲುಗಳನ್ನು ಅದೇ ಬೆರಳಲ್ಲಿ ಮುಟ್ಟಿ ಎಣಿಸುವರು. ಹುಣಸೂರಿನ ನಮ್ಮ ಪುಟ್ಟ ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ಬಿಳಿ ಚುಕ್ಕೆಯಿಲ್ಲದ ಪರದೆಯೇ ಇರಲಿಲ್ಲ. ಡಾಕ್ಟರು ಗದರಿದರೆ, "ಬಾಯಿ ನಂದು, ಪರದೆ ನಿಮ್ದು. ಒರೆಸ್ಕೊಡ್ತೀನಿ ಬುಡಿ" ಎನ್ನುವರು. ಆ ಕೋಣೆಗೆ ಅವರೇ ಮುಖ್ಯಸ್ಥೆ. ನಾವೆಲ್ಲ ಅವರನ್ನು ಮೇಡಂ ಎನ್ನುತ್ತಿದ್ದೆವು. ಅವರ ಕೈಕೆಳಗಿನ ಹುಡುಗಿ ನಾನು, ಅವರಿಗೆ ಅಮ್ಮಿ.

ವೀರನಹೊಸಹಳ್ಳಿ ಕಡೆ ಕಾಡಂಚಿನ ಬುಡಕಟ್ಟಿನವರ ಹಾಡಿಗಳಲ್ಲಿ ಮಕ್ಕಳ ರಕ್ತ ಪರೀಕ್ಷಿಸುವುದು ನಮ್ಮ ಆಸ್ಪತ್ರೆಯ ಕೆಲಸಗಳಲ್ಲೊಂದು. ಕೈಕಾಲಿಗೆ ವಿಪರೀತ ನೋವು ತರುವ ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆ ಅಲ್ಲಿ ಕೆಲವು ಮನೆಗಳಲ್ಲಿ ತಲೆಮಾರುಗಳಿಂದ ಇದೆ. ಪರೀಕ್ಷಾ ಯಂತ್ರ ಪ್ರತಿ ಶಿಬಿರಕ್ಕೊಂದು ಫೈಲ್ ಕೊಡುತ್ತಿತ್ತು. ಅದನ್ನು ಡೇಟಾಬೇಸಿಗೆ ಏರಿಸುವುದು ನನ್ನ ಪಾಲು. ಏರಿಸಿದ ಮೇಲಿನದು ಮೇಡಂ ಪಾಲು: ಮೂಲ ಫೈಲನ್ನು 'ಏರಿದ್ದು' ಎಂಬ ಫೋಲ್ಡರಿಗೆ ಸರಿಸಿ, ಯಾರೂ ತಿದ್ದದಂತೆ ಬೀಗ ಹಾಕಿ, ಇನ್ನೊಂದು ಡಿಸ್ಕಿನಲ್ಲಿ ಪ್ರತಿ ಇಡುವರು.

"ಮೂಲಕ್ಕೆ ಕೈ ಆಕ್ಬ್ಯಾಡ ಅಮ್ಮಿ. ನೋಡ್ಬೇಕಂದ್ರೆ ಕಾಪಿ ಮಾಡ್ಕೊಂಡು ನೋಡು."

ಸಾಫ್ಟ್‌ವೇರ್ ಮಾಡಿಕೊಟ್ಟ ಮೈಸೂರಿನ ಹುಡುಗ ಬಂದಾಗಲೆಲ್ಲ ನಗುತ್ತಿದ್ದ. "ಲೋಡ್ ಆಯ್ತಲ್ಲ ಮೇಡಂ, ಡಿಲೀಟ್ ಮಾಡಿ. ಊಟ ಆದ್ಮೇಲೆ ಯಾರಾದ್ರೂ ಎಲೆ ಎತ್ತಿಡ್ತಾರಾ?"

"ಊಟ ಒಳಗೋಯ್ತೋ ಇಲ್ವೋ ನೋಡ್ದೋರ್ಯಾರಪ್ಪಾ? ನಿನ್ನ ಡೇಟಾಬೇಸು ಅಂದಿದ್ದನ್ನೆಲ್ಲ ನಂಬಕ್ಕೆ ಅದೇನು ನಮ್ಮನೆ ದೇವ್ರಾ?"

ಒಂದು ಶುಕ್ರವಾರ ಹಾಡಿಯ ತಾಯಿಯೊಬ್ಬರು ಮಗಳು ಗೌರಿಯನ್ನು ಎತ್ತಿಕೊಂಡು ಬಂದರು. ಕೈಕಾಲಿನ ನೋವಿಗೆ ಹುಡುಗಿ ನರಳುತ್ತಿದ್ದಳು. ಪರದೆಯ ಪ್ರಕಾರ ಗೌರಿಯ ರಕ್ತ ಸರಿಯಾಗಿತ್ತು. ಬೆಳೆಯುವ ವಯಸ್ಸಿನ ನೋವು ಎಂದು ಡಾಕ್ಟರು ಮನೆಗೆ ಕಳಿಸಲು ಹೊರಟರು. ತಾಯಿ ಬಾಗಿಲಲ್ಲೇ ನಿಂತುಬಿಟ್ಟರು.

"ಆಡೀಲಿ ಇಬ್ರು ಗೌರಿ ಅವ್ರೆ. ಆ ಗೌರಿ ಬ್ಯಾರೆ, ನಮ್ ಗೌರಿ ಬ್ಯಾರೆ ಕಣ್ ಸಾಮಿ. ಇಬ್ಬರ್ದೂ ರಕ್ತ ತಗೊಂಡೋದ್ರಿ. ನಮ್ದು ಎತ್ಲಾಗೋಯ್ತು?"

ಆ ಮಾತು ಕೇಳಿಸಿಕೊಂಡ ಮೇಡಂ ಡೇಟಾಬೇಸ್ ಮುಚ್ಚಿ, ಆ ಶಿಬಿರದ ಮೂಲ ಫೈಲಿನ ಪ್ರತಿ ತೆಗೆದರು. ಅಲ್ಲಿ ಇಬ್ಬರು ಗೌರಿಯರಿದ್ದರು. ಒಂದೇ ಹಾಡಿ, ಒಂದೇ ವಯಸ್ಸು. ಹುಟ್ಟಿದ ದಿನ ಗೊತ್ತಿಲ್ಲದ ಮಕ್ಕಳಿಗೆ ಶಾಲೆಯಲ್ಲಿ ಜೂನ್ ಒಂದು ಎಂದು ಬರೆದುಬಿಡುತ್ತಾರೆ. ಹಾಗಾಗಿ ಜನ್ಮದಿನವೂ ಒಂದೇ. ಸಾಫ್ಟ್‌ವೇರು ಇಬ್ಬರನ್ನೂ ಒಬ್ಬಳೆಂದುಕೊಂಡು, ಮೊದಲನೆಯವಳನ್ನು ಅಳಿಸಿ ಅಲ್ಲಿ ಎರಡನೆಯವಳನ್ನು ಬರೆದು, 'ಎಲ್ಲ ಸಾಲು ಸರಿ' ಎಂದಿತ್ತು. ತಾಯಿಯ ಹೆಸರು ನೋಡಿದರೆ ಅಳಿಸಿಹೋದವಳು ಇವಳೇ. ಅವಳಿಗೆ ಕಾಯಿಲೆಯಿತ್ತು.

ಅವತ್ತೇ ಚಿಕಿತ್ಸೆ ಶುರುವಾಯಿತು. ನನಗೆ ಅಷ್ಟೇ ಸಾಕಾಗಿತ್ತು, ಮೇಡಂಗೆ ಸಾಲಲಿಲ್ಲ. ಉಳಿಸಿಟ್ಟ ಫೈಲುಗಳನ್ನೆಲ್ಲ ಒಂದೊಂದಾಗಿ ತೆಗೆಸಿ, ಡೇಟಾಬೇಸಿನ ಜೊತೆ ಹೆಸರಿಗೆ ಹೆಸರು ತಾಳೆ ನೋಡಿಸಿದರು. ಹಾಗೆಯೇ ಕಳೆದುಹೋಗಿದ್ದ ಇನ್ನೂ ನಾಲ್ವರು ಮಕ್ಕಳು ಸಿಕ್ಕರು. ಅವರಲ್ಲೊಬ್ಬನಿಗೆ ಅದೇ ಕಾಯಿಲೆ. ಸಾಫ್ಟ್‌ವೇರ್ ಸರಿಮಾಡಲು ಬಂದ ಮೈಸೂರಿನ ಹುಡುಗ ಈ ಸಲ ಮೊದಲು ಕೇಳಿದ್ದು ಆ ಮೂಲ ಫೈಲುಗಳನ್ನೇ.

ಮರುವಾರ ಮೇಡಂ ನನ್ನನ್ನೂ ಕರೆದುಕೊಂಡು ಹಾಡಿಗೆ ಹೊರಟರು. ತಪ್ಪು ಸಾಫ್ಟ್‌ವೇರಿನದಲ್ಲವೇ ಎಂದು ಜೀಪಿನಲ್ಲಿ ಕೇಳಿದೆ.

"ಏರಿಸ್ದಾಗ್ಲೇ ತಾಳೆ ನೋಡ್ಬೇಕಾಗಿದ್ದೋಳು ನಾನು. ಫೈಲ್ ಎತ್ತಿಟ್ಬುಟ್ರೆ ಮುಗೀತಾ? ತೆಗ್ದು ನೋಡ್ಬೇಕು ಕಣಮ್ಮಿ."

ಗೌರಿಯ ಮನೆ ಜಗಲಿಯಲ್ಲಿ ಕೂತು, ಸುತ್ತ ನಿಂತವರಿಗೆಲ್ಲ ಕೇಳುವಂತೆ, "ತಪ್ಪು ನಮ್ದು ಕಣವ್ವಾ" ಎಂದು ಆ ತಾಯಿಗೆ ಹೇಳಿದರು. ಅವರ ಪಕ್ಕದಲ್ಲಿ ನಾನಿದ್ದೆ. ಆ ದಿನದ ಡೈರಿಯಲ್ಲಿ ಅದನ್ನೊಂದನ್ನೇ ಬರೆದಿದ್ದೇನೆ.

ಹೋದ ವರ್ಷ ಮೇಡಂ ತೀರಿಕೊಂಡರು. ಕೆ.ಆರ್. ನಗರದ ಅವರ ಮನೆ ಮುಂದೆ ಜನ ಸೇರಿದ್ದಾಗ ಗೌರಿಯ ತಾಯಿ ಎರಡು ಬಸ್ ಬದಲಾಯಿಸಿ ಬಂದಿದ್ದರು. ಗೌರಿ ಅವರ ಪಕ್ಕದಲ್ಲೇ ನಡೆದು ಬಂದಳು. ಮೇಡಂ ಮಗ ಇವರು ಯಾರೆಂದು ತಿಳಿಯದೆ ವಿಚಾರಿಸಿದರು.

"ನಮ್ ಆಡೀಗ್ ಬಂದು ತಪ್ಪು ನಮ್ದು ಅಂದೋರು ನಿಮ್ಮವ್ವ ಒಬ್ರೇಯಾ ಸಾಮಿ," ಎಂದರು ಆಕೆ. ಮಗಳನ್ನು ಮೆಲ್ಲಗೆ ಮುಂದಕ್ಕೆ ಬಿಟ್ಟರು. "ಈ ಮಗೀನ ನಿಮ್ಮವ್ವ ಒಂದ್ಸಲ ನೋಡ್ಕಳ್ಲಿ ಅಂತ ಕರ್ಕೊಂಡ್ ಬಂದಿವ್ನಿ."