ಎದೆಯ ಮೇಲೆ ಇನ್ನೊಬ್ಬನ ಹೆಸರು

"ಅಯ್ಯೋ ಬೇಡ ಮಾಸ್ತರೇ, ಕತ್ತರಿ ಹಾಕ್ಬೇಡಿ! ತೋಳು ಒಳಗಡೆ ಮಡಚಿ ಹೊಲಿದುಬಿಡಿ ಸಾಕು."

"ಮಡಚಿದ್ರೆ ದಪ್ಪ ಆಗುತ್ತಮ್ಮ. ಪುಸ್ತಕ ಎತ್ತಿಡುವಾಗ ಮಣಿಕಟ್ಟಿಗೆ ಚುಚ್ಚುತ್ತೆ."

"ಚುಚ್ಚಲಿ ಬಿಡಿ. ಅವನಿದ್ದಾಗ ನನ್ನನ್ನೇನು ಸುಮ್ನೆ ಬಿಟ್ಟಿದ್ನಾ?" ಎಂದು ಲೈಬ್ರರಿ ಅಮ್ಮ ನಕ್ಕರು. ಮಗನ ಜಾಕೆಟ್ಟು ಅವರ ಬೆರಳ ತುದಿ ದಾಟಿ ಜೋತಾಡುತ್ತಿತ್ತು.

ಮಾಸ್ತರು ನಗಲಿಲ್ಲ. ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡಿದ್ದರಲ್ಲ, ಅದೇ ನೆಪವಾಯಿತು.

ಊರಿಗೆಲ್ಲ ಇವರು ಅರ್ಧ ಇಂಚಿನ ಮಾಸ್ತರು. ಯಾರ ಬಟ್ಟೆ ಹೊಲಿದರೂ ಒಳಗೆ ಅರ್ಧ ಇಂಚು ಬಿಡುತ್ತಿದ್ದರು, ನಾಳೆ ಮೈ ಬಂದರೆ ಸಡಿಲ ಮಾಡಿಕೊಳ್ಳಲಿ ಎಂದು. ವಾಯುಸೇನೆಯ ಗೇಟಿನೆದುರು, ಸೈಕಲ್ ಅಂಗಡಿಗೂ ಝೆರಾಕ್ಸ್ ಅಂಗಡಿಗೂ ನಡುವೆ, ಒಬ್ಬರು ಎದ್ದರೆ ಮಾತ್ರ ಇನ್ನೊಬ್ಬರು ಕೂರಬಹುದಾದಷ್ಟು ಜಾಗದಲ್ಲಿ ಮೂವತ್ತೊಂದು ವರ್ಷ! ಹೊಸ ಹುಡುಗರ ಸಮವಸ್ತ್ರವೆಲ್ಲ ಇವರ ಕೈಯಲ್ಲೇ. "ಏನಪ್ಪಾ, ಸೊಂಟ ಎಲ್ಲಿ ಬಿಟ್ಟು ಬಂದೆ?" ಎಂದು ಕಾಲೆಳೆಯುತ್ತಲೇ ಟೇಪು ಸುತ್ತುವವರು, ತಪ್ಪು ಹೊಲಿದು ಬಿಚ್ಚಿದ ಚರಿತ್ರೆಯೇ ನನಗಿಲ್ಲ ಎಂದು ಕೊಚ್ಚಿಕೊಳ್ಳುವವರು. ಅಂಥ ಮಾತುಗಾರರು ಒಂಬತ್ತು ವರ್ಷದಿಂದ ಲೈಬ್ರರಿ ಅಮ್ಮನ ಈ ಮನೆಯ ಮುಂದೆ ಮಾತ್ರ ತಲೆ ತಗ್ಗಿಸಿಕೊಂಡು ಸೈಕಲ್ ತುಳಿಯುತ್ತಿದ್ದರು. ಇವತ್ತು ಅಮ್ಮನೇ ಅಂಗಡಿಗೆ ಬಂದು ಕರೆದದ್ದರಿಂದ ತಪ್ಪಿಸಿಕೊಳ್ಳಲು ಆಗಲಿಲ್ಲ, ಅಷ್ಟೆ.

ಅಮ್ಮನ ಮಗ ಹೆಲಿಕಾಪ್ಟರಿನಲ್ಲಿದ್ದವನು. ಹಾರಿಸುವವನಲ್ಲ, ಬಾಗಿಲಲ್ಲಿ ಕೂತು, ಹಗ್ಗ ಇಳಿಬಿಟ್ಟು, ಗಾಯಾಳುಗಳನ್ನು ಮೇಲೆ ಎಳೆದುಕೊಳ್ಳುವವನು. ಇಪ್ಪತ್ತೆರಡು ವರ್ಷದ ಹುಡುಗ. ಒಂಬತ್ತು ವರ್ಷದ ಹಿಂದಿನ ಯುದ್ಧದ ಮೂರನೇ ವಾರ, ಯಾರನ್ನೋ ಹಾಗೆ ತರಲು ಹೋದ ಹೆಲಿಕಾಪ್ಟರು ಬೆಟ್ಟದ ಮೇಲೆ ಬಿತ್ತು. ಒಬ್ಬರೂ ಉಳಿಯಲಿಲ್ಲ.

"ಒಂದು ಮಾತು ಹೇಳ್ಲಾ ಮಾಸ್ತರೇ?" ಅಮ್ಮ ಜಾಕೆಟ್ಟು ಬಿಚ್ಚಿ ಅವರ ಮಡಿಲಿಗೆ ಹಾಕಿ ಕೂತರು. "ಯಾರಿಗೂ ಹೇಳಿಲ್ಲ. ಮೊದಲು ಬಂದ ಸಾವಿನ ಸುದ್ದಿ ಇವನದಲ್ಲ, ಇವನ ಜೊತೆಗಾರಂದು. ಆಫೀಸ್‌ನೋರು ಏನೋ ಎಡವಟ್ಟು ಮಾಡ್ಕೊಂಡಿದ್ರು. ಒಂದೂವರೆ ದಿನ ಆ ಹುಡುಗನ ತಾಯಿ ಪಕ್ಕ ಕೂತು ಬೆನ್ನು ಸವರಿದೆ. ಒಳಗೊಳಗೇ, ಸದ್ಯ ನಮ್ಮವನಲ್ಲ, ಸದ್ಯ ನಮ್ಮವನಲ್ಲ, ಅಂತಿದ್ದೆ. ಊಟಾನೂ ಸೇರ್ತು ನಂಗೆ! ಆಮೇಲೆ ಆ ಹುಡುಗ ಬೇರೆ ಕ್ಯಾಂಪಿಂದ ಅವನ ತಾಯಿಗೆ ಫೋನ್ ಮಾಡಿ 'ಅಮ್ಮಾ' ಅಂದ. ಆಗ್ಲೇ ಗೊತ್ತಾಗಿದ್ದು, ಹೋಗಿದ್ದು ನಮ್ಮವನೇ ಅಂತ. ನಾನು ಹಾಗಂದ್ಕೊಂಡಿದ್ದಕ್ಕೇ ಹೀಗಾಯ್ತೇನೋ. ಆ ತಾಯಿ ಮುಖ ನೋಡಕ್ಕೆ ಇವತ್ತಿಗೂ ನಾಚಿಕೆ."

ಮಾಸ್ತರ ಕಿವಿ ಬಿಸಿಯಾಯಿತು. ಒಂಬತ್ತು ವರ್ಷ ಬಚ್ಚಿಟ್ಟದ್ದು ತಮ್ಮ ಮಾನ ಉಳಿಸಿಕೊಳ್ಳಲು. ಅದರ ಭಾರ ಈ ಹೆಂಗಸು ಹೊತ್ತುಕೊಂಡಿದ್ದಾರೆ ಎಂದು ಕನಸಲ್ಲೂ ಎಣಿಸಿರಲಿಲ್ಲ. ಬಾಯಿಂದ ಒಂದೊಂದಾಗಿ ಪಿನ್ನು ತೆಗೆದು ಡಬ್ಬಿಗೆ ಹಾಕಿದರು.

"ಆ ಎಡವಟ್ಟು ಆಫೀಸ್‌ನೋರದ್ದಲ್ಲಮ್ಮ. ನಂದು."

"ಏನು?"

"ಇಬ್ರೂ ಒಟ್ಟಿಗೆ ಯೂನಿಫಾರ್ಮ್ ಹೊಲಿಸಿದ್ರು. ನಿಮ್ಮವನು ಏಣಿ, ಅವನು ಕುಳ್ಳ. ಎದೆ ಮೇಲಿನ ಹೆಸರಿನ ಪಟ್ಟಿ ಇವನದು ಅವನಿಗೆ, ಅವನದು ಇವನಿಗೆ ಹೊಲಿದುಬಿಟ್ಟಿದ್ದೆ. ಹಾಕ್ಕೊಂಡು ನೋಡಿದ್ಮೇಲೆ ಗೊತ್ತಾಯ್ತು, ಅಳತೆ ಬೇರೆ, ಅಂಗಿ ಅದಲುಬದಲು ಮಾಡ್ಕೊಳ್ಳಕ್ಕೂ ಆಗಲ್ಲ. ಬೆಟ್ಟದ ಮೇಲೆ ಹುಡುಕಕ್ಕೆ ಹೋದೋರು ಓದಿದ್ದು ನಿಮ್ಮವನ ಎದೆ ಮೇಲಿದ್ದ ಆ ಪಟ್ಟೀನೇ."

"ಸರಿಮಾಡಕ್ಕೆ ಟೈಮ್ ಇರ್ಲಿಲ್ವಾ?"

ಇರಲಿಲ್ಲ ಎನ್ನುವುದು ಎಷ್ಟು ಸುಲಭ! ಗೇಟಿನಲ್ಲಿ ಲಾರಿ ಹಾರ್ನ್ ಹೊಡೆಯುತ್ತಿತ್ತು ಎಂದರೆ ಮುಗಿಯಿತು. ಹೆಂಡತಿಗೆ ಹಾಗೇ ಹೇಳಿದ್ದರು, ಹೇಳಿ ಹೇಳಿ ಆ ಹಾರ್ನು ತಮಗೇ ಕೇಳಿಸತೊಡಗಿತ್ತು.

"ಇತ್ತು. ಹತ್ತು ನಿಮಿಷದ ಕೆಲಸ. ಊಟದ ಡಬ್ಬಿ ತೆಗೆದಿದ್ದೆ, ಕೈ ತೊಳೆದಿದ್ದೆ. ವಾಪಸ್ ಬಂದ್ಮೇಲೆ ಮಾಡ್ಕೊಡ್ತೀನಿ ನಡೀರಪ್ಪಾ, ಅಂದುಬಿಟ್ಟೆ."

ಅಮ್ಮ ಜಾಕೆಟ್ಟನ್ನು ಅವರ ಮಡಿಲಿಂದ ಎಳೆದುಕೊಂಡರು. ಗೋಡೆಯಾಚೆ ಯಾರದೋ ಮಿಕ್ಸಿ ಗರ್ರೆಂದು ಶುರುವಾಗಿ ನಿಂತಿತು. ಆಮೇಲೆ ಕೇಳಿದರು:

"ಅವನು ಬೈದ್ನಾ?"

"ಇಲ್ಲ, ನಕ್ಕ. 'ಬಿಡಿ ಮಾಸ್ತರೇ, ಇವನ ಹೆಸರಲ್ಲಿ ಕ್ಯಾಂಟೀನಲ್ಲಿ ಎರಡೆರಡು ಸಲ ಚಹಾ ಕುಡೀತೀನಿ' ಅಂದ."

"ಕುಡೀತಾನೆ, ಕಳ್ಳ!" ಎಂದುಬಿಟ್ಟರು ಅಮ್ಮ. ಹಿಂದೆಯೇ, ಬಹಳ ಮೆಲ್ಲಗೆ, "ಕುಡೀತಿದ್ದ."

ಮಾಸ್ತರಿಗೆ ನೆಲದ ಸಿಮೆಂಟಿನ ಬಿರುಕು ಬಿಟ್ಟು ಬೇರೇನನ್ನೂ ನೋಡುವ ಧೈರ್ಯವಾಗಲಿಲ್ಲ. ಕ್ಷಮಿಸಿ ಎನ್ನಲು ಬಾಯಿ ತೆರೆದರು. ಅಮ್ಮ ಕೈ ಅಡ್ಡ ಹಿಡಿದರು.

"ಇವತ್ತು ಹೋಗಿ ಮಾಸ್ತರೇ. ನಿಮ್ಮನ್ನ ನೋಡಕ್ಕಾಗ್ತಿಲ್ಲ ನಂಗೆ."

ಟೇಪು ಕೊರಳಲ್ಲೇ ನೇತಾಡುತ್ತಿದ್ದುದೂ ತಿಳಿಯದೆ ಮಾಸ್ತರು ಬಾಗಿಲಲ್ಲಿ ಚಪ್ಪಲಿಗೆ ಕಾಲು ತೂರಿಸುತ್ತಿದ್ದರು, ಎಡದ್ದು ಬಲಕ್ಕೆ. ಹಿಂದಿನಿಂದ ದನಿ ಬಂತು.

"ಮುಂದಿನ ಗುರುವಾರ ಲೈಬ್ರರಿಗೆ ರಜೆ. ನಾಲ್ಕು ಗಂಟೆಗೆ ಬನ್ನಿ, ಆ ಹುಡುಗನ ಅಮ್ಮನ್ನೂ ಕರೀತೀನಿ. ನಾನು ನಂದು ಹೇಳ್ತೀನಿ, ನೀವು ನಿಮ್ದು ಹೇಳಿ. ಊಟದ ಡಬ್ಬಿ ಸಮೇತ."

"ಬರ್ತೀನಮ್ಮ."

"ಅವನು ಅವತ್ತು ಇನ್ನೇನೇನಂದ, ಅದನ್ನೂ ನೆನಪು ಮಾಡ್ಕೊಂಡು ಬನ್ನಿ."

"ಮೂರೂವರೆಗೇ ಬರ್ತೀನಿ," ಎಂದರು ಮಾಸ್ತರು.