ಸೌದೆ ಸಿದ್ಧವಾಗಿದೆ

ನಮ್ಮತ್ತೆ ಮೂವತ್ತು ವರ್ಷದಿಂದ ಮುದ್ರಣಾಲಯದಲ್ಲಿ ಕರಡು ತಿದ್ದುತ್ತಾರೆ. ಅಲ್ಲಿ ಎಲ್ಲರೂ ಅವರನ್ನು ಒತ್ತಕ್ಷರದಮ್ಮ ಎಂದೇ ಕರೆಯುವುದು. ಡಾಕ್ಟರ ಚೀಟಿಯಲ್ಲೂ ಮೊದಲು ತಪ್ಪು ಹುಡುಕಿ ಆಮೇಲೆ ಮಾತ್ರೆ ನುಂಗುವವರು. ಮಾವ ಲಿಫ್ಟ್ ರಿಪೇರಿಯವರು. ಅವರು ಬರೆದದ್ದರಲ್ಲಿ ತಪ್ಪು ಹುಡುಕುವ ಶ್ರಮವೇ ಬೇಕಿಲ್ಲ.

ನನ್ನ ಮಗಳು ಹುಟ್ಟಿ ತಿಂಗಳಾದರೂ ಹೆಸರಿರಲಿಲ್ಲ. ಗಂಡ ಹೇಳಿದ್ದು ನನಗೆ ಹಿಡಿಸಲಿಲ್ಲ, ನಾನು ಹೇಳಿದ್ದು ಅವರಿಗೆ ಹಿಡಿಸಲಿಲ್ಲ. ಕೊನೆಗೆ ದೊಡ್ಡವರೇ ಇಡಲಿ ಎಂದು ಕೈತೊಳೆದುಕೊಂಡೆವು. ದೊಡ್ಡವರೋ, ನಮಗಿಂತ ಹಟಮಾರಿಗಳು. ಅತ್ತೆಯ ಮನಸ್ಸಿನಲ್ಲಿ ಒಂದು ಹೆಸರು, ಮಾವನ ಮನಸ್ಸಿನಲ್ಲಿ ಇನ್ನೊಂದು. ಏನೆಂದು ಇಬ್ಬರೂ ಬಾಯಿ ಬಿಡಲೊಲ್ಲರು.

ಇಬ್ಬರಿಗೂ ಬ್ರೌಸರಿನಲ್ಲಿ ಆಡುವ ಒಂದು ಆಟದ ಹುಚ್ಚಿತ್ತು. ಚಿತ್ರವಿಲ್ಲ, ಸದ್ದಿಲ್ಲ, ಬರೀ ಅಕ್ಷರ. ಗುಂಡಿ ಒತ್ತಿ ಒತ್ತಿ ಸೌದೆ ಕಡಿಯಬೇಕು, ದೋಣಿ ಕಟ್ಟಬೇಕು, ನದಿ ದಾಟಬೇಕು. ಮೊದಲು ದಾಟಿದವರು ಇಟ್ಟದ್ದೇ ಹೆಸರು ಎಂದು ಪಂದ್ಯ ಕಟ್ಟಿದರು. ಹೆತ್ತವಳನ್ನು ಕೇಳಿದವರಿಲ್ಲ.

ಕೆಟ್ಟ ಲಿಫ್ಟಿನ ಮುಂದೆ ಗಂಟೆಗಟ್ಟಲೆ ಕೂತು ಮಾವನಿಗೆ ತಾಳ್ಮೆ ಅಭ್ಯಾಸ. ಶನಿವಾರ ಬೆಳಿಗ್ಗೆ ಅವರ ದೋಣಿ ಮುಕ್ಕಾಲು ಆಗಿತ್ತು, ಅತ್ತೆಯ ಹತ್ತಿರ ಹನ್ನೆರಡು ಸೌದೆ. ಅತ್ತೆ ಕಂಪ್ಯೂಟರ್ ಹೊತ್ತು ನನ್ನ ಕೋಣೆಗೆ ಬಂದು ಬಾಗಿಲು ಮುಂದೆ ಮಾಡಿದರು.

"ನಿನ್ ಆಫೀಸಲ್ಲಿ ಇಂಥದ್ದೇ ಕೆಲಸ ಅಲ್ವೇನೇ? ಏನಾದ್ರೂ ಮಾಡೇ."

ಮಗುವನ್ನು ಹೆಗಲಿಗೆ ಹಾಕಿಕೊಂಡೇ ಡೆವಲಪರ್ ಕನ್ಸೋಲ್ ತೆರೆದೆ. ಪುಟದ ಹಿಂದೆ ನಡೆಯುವುದನ್ನೆಲ್ಲ ನೋಡಿ ಬದಲಿಸುವ ಕಿಟಕಿ ಅದು. ಒಂದು ಸಾಲು ಬರೆದು ಎಂಟರ್ ಒತ್ತಿದೆ. ಹನ್ನೆರಡು ಸೌದೆ ಹನ್ನೆರಡು ಸಾವಿರವಾಯಿತು. ಅತ್ತೆ ಪರದೆಯ ಹತ್ತಿರಕ್ಕೆ ಮುಖ ತಂದರು.

"ಅಲ್ಲೇ ಅಕ್ಷರಾನೂ ತಿದ್ದಬಹುದೇನೇ?"

ಪ್ರತಿ ಸಲ ಗುಂಡಿ ಒತ್ತಿದಾಗಲೂ 'ಸೌದೆ ಸಿದ್ದವಾಗಿದೆ' ಎಂದು ಬರುತ್ತಿತ್ತು. ದಕ್ಕೆ ಧ ಒತ್ತು ಇರಬೇಕಾದಲ್ಲಿ ದ ಒತ್ತು. ವಾರದಿಂದ ಅದು ಅವರಿಗೆ ಕಣ್ಣಿಗೆ ಬಿದ್ದ ಕಸ. "ಬೇಡ ಅತ್ತೆ, ಬಂದ ಕೆಲಸ ಆಯ್ತಲ್ಲ" ಎಂದೆ. ಕೇಳಬೇಕಲ್ಲ. ಒತ್ತಿನ ಹೊಟ್ಟೆ ಸೀಳಿಸಿಯೇ ಎದ್ದರು.

ಮಧ್ಯಾಹ್ನ ಅತ್ತೆ ನದಿ ದಾಟಿದರು. ಮಾವ ಕನ್ನಡಕ ಏರಿಸಿಕೊಂಡು ಅವರ ಪರದೆಯನ್ನು ಮೇಲಿಂದ ಕೆಳಗೆ ಓದಿದರು. 'ಸಿದ್ಧ' ಎಂಬ ಆ ಒಂದು ಪದಕ್ಕೆ ಅತ್ತೆಯಿಂದ ಜೀವಮಾನವೆಲ್ಲ ಬೈಸಿಕೊಂಡವರು ಅವರು.

"ನನ್ ಆಟದಲ್ಲಿ ಸಿದ್ದಕ್ಕೆ ಹೊಟ್ಟೆ ಸೀಳಿಲ್ವಲ್ಲ, ಇವಳೇ. ನಿಂದ್ರಲ್ಲಿ ಯಾರು ಸೀಳಿದ್ರು?"

ನಾನು ಮಗುವಿನ ಬಟ್ಟೆ ಬದಲಿಸುವ ನೆಪದಲ್ಲಿ ತಲೆ ತಗ್ಗಿಸಿದೆ. ಅತ್ತೆಯ ಮುಖ ಕೆಂಪಗಾಯಿತು.

"ತಪ್ಪಾಯ್ತು ರೀ. ಹೆಸರು ನಿಮ್ದೇ ಇರ್ಲಿ."

ಅಷ್ಟು ಆಸೆಯಿಂದ ಒಂದು ಹೆಸರು ಇಟ್ಟುಕೊಂಡಿದ್ದರು ಪಾಪ, ನನಗೂ ಸಂಕಟವಾಯಿತು.

ಮಾವ ಜೇಬಿನಿಂದ ಮಡಚಿದ ಚೀಟಿ ತೆಗೆದುಕೊಟ್ಟರು. ಅದರಲ್ಲಿ ಅತ್ತೆಯ ಹೆಸರೇ ಇತ್ತು.

"ಮೂವತ್ತೈದು ವರ್ಷ ಇವಳೇ, ಇವಳೇ ಅಂತ ಕರೆದದ್ದಾಯ್ತು" ಎಂದರು. "ಇನ್ಮೇಲಾದ್ರೂ ನಿನ್ ಹೆಸರು ದಿನಾ ನನ್ ಬಾಯಲ್ಲಿ ಬರ್ಲಿ ಅಂತ."

ಅತ್ತೆ ಚೀಟಿ ಹಿಡಿದು ಅತ್ತೇಬಿಟ್ಟರು. ಅದರಲ್ಲೂ ಒಂದು ದೀರ್ಘ ಬಿಟ್ಟುಹೋಗಿತ್ತು. ಅಳುತ್ತಲೇ ನನ್ನತ್ತ ಕೈಚಾಚಿ ಪೆನ್ನು ಕೇಳಿದರು.